ಮಾತಾಡದ ನೀರು

ಮರುದಿನ ಸಂಜೆ ನನ್ನ ಮಗಳು ಇಸ್ಕ್ರಾಳ ಶಾಲೆ ಮುಗಿಸಿದವರ ನೃತ್ಯಕೂಟ. ನಮ್ಮ ಊರು ಕಾರ್ಲೊವೊದಲ್ಲಿ ಹುಡುಗಿ ಅದಕ್ಕೆ ಹೊರಟಳೆಂದರೆ ಮದುವೆ ದಿಬ್ಬಣವೇ ಸರಿ, ಇಡೀ ಬೀದಿ ಗೇಟಿನ ಬಳಿ ನೆರೆಯುತ್ತದೆ. ನನ್ನ ಅಮ್ಮ ದೋನ್ಕ ಮಾತ್ರ ತಾನು ಕೆಳಗಿಳಿಯುವುದಿಲ್ಲವೆಂದು ಪಟ್ಟು ಹಿಡಿದಿದ್ದಳು. ಪಾರ್ಶ್ವವಾಯು ಬಡಿದು ಅವಳ ಬಲಗೈ ಬೆರಳುಗಳು ಮಡಚಿಕೊಂಡಿದ್ದವು. ಆ ಕೈಯನ್ನು ಯಾವಾಗಲೂ ಏಪ್ರನ್ನಿನಡಿ ಬಚ್ಚಿಡುತ್ತಿದ್ದಳು. ಇಸ್ಕ್ರ ಅಜ್ಜಿಯನ್ನು ಕಾಡಿ ಬೇಡಿ ಸೋತು, ಮುಖ ಊದಿಸಿಕೊಂಡು ಉಗುರಿಗೆ ಬಣ್ಣ ಹಚ್ಚಲು ಕುಳಿತಳು. ನೀರಿನ ಮೇಲೆ ಬಣ್ಣ ತೇಲಿಸಿ, ಅದರಲ್ಲಿ ಬೆರಳದ್ದಿದರೆ ಉಗುರಿನ ಮೇಲೆ ಅಮೃತಶಿಲೆಯ ಗೆರೆಗಳು ಮೂಡುತ್ತವಂತೆ.

ಅದಕ್ಕೆ ಅವಳು ತೆಗೆದದ್ದು ಅಮ್ಮನ ತಾಮ್ರದ ಬಟ್ಟಲು. ನನ್ನ ಬಾಲ್ಯದಲ್ಲಿ ಬೆಚ್ಚಿಬಿದ್ದ ಮಕ್ಕಳನ್ನೆಲ್ಲ ಅಮ್ಮನ ಬಳಿಗೇ ತರುತ್ತಿದ್ದರು. ಮಗುವಿನ ತಲೆಯ ಮೇಲೆ ಈ ಬಟ್ಟಲು ಹಿಡಿಸಿ, ಕರಗಿದ ಸೀಸವನ್ನು ಚುಂಯ್ ಎಂದು ನೀರಿಗೆ ಸುರಿದು, ಅದು ಗಟ್ಟಿಯಾದ ಆಕಾರ ನೋಡಿ ಮಗು ಯಾವುದಕ್ಕೆ ಹೆದರಿದೆಯೆಂದು ಹೇಳುತ್ತಿದ್ದಳು. ನನ್ನ ಸೀಸದಲ್ಲಿ ನಾಯಿಯ ಆಕಾರ ಬಂದಿತ್ತು. ಆಮೇಲೆ ಆ ಬಲಗೈ ನನ್ನ ನೆತ್ತಿ ಸವರಿತ್ತು. ಆ ಬಿಸುಪು ನನಗೆ ಈ ವಯಸ್ಸಿನಲ್ಲೂ ಬೇಕು.

ಇಸ್ಕ್ರಾಳ ಬಣ್ಣ ಒಡೆದ ಹಾಲಿನಂತೆ ಗಂಟುಕಟ್ಟಿ ತಳ ಸೇರಿತು.

"ದರಿದ್ರದ್ದು, ಹರಡೋದೇ ಇಲ್ಲ" ಎಂದು ಗೊಣಗಿದಳು.

ಕಿಟಕಿ ಬಳಿ ಕೂತಿದ್ದ ಅಮ್ಮ ತಿರುಗಿದಳು. "ನೀರು ತರ್ತಾ ಏನ್ ಮಾಡ್ತಿದ್ದೆ?"

"ಫೋನಲ್ಲಿ ಮಾತಾಡ್ತಿದ್ದೆ. ಯಾಕಜ್ಜಿ?"

"ಅದಕ್ಕೇ. ಇದು ಹರಟೆ ನೀರು. ಮಾತಾಡದ ನೀರು ಬೇಕು. ಬೀದಿ ಕೊನೆ ಚಿಲುಮೆಯಿಂದ ತಾ, ಯಾರ ಹತ್ರಾನೂ ತುಟಿ ಬಿಚ್ಚಬೇಡ."

"ಅಜ್ಜಿ, ಇದು ನೇಲ್ ಪಾಲಿಶ್. ಹೆದರಿಕೆ ಬಿಡಿಸೋದಲ್ಲ."

"ಗೊತ್ತು ಕಣೇ, ನಂಗಿನ್ನೂ ಅರಳುಮರಳಾಗಿಲ್ಲ. ಹೋಗ್ತೀಯೋ ಇಲ್ವೋ?"

ಇಸ್ಕ್ರ ತುಟಿ ಬಿಗಿದು ಹೋಗಿ ತಂದಳು. ದಾರಿಯಲ್ಲಿ ಮಾತಾಡಿಸಿದ ಪಕ್ಕದ ಮನೆಯ ಸ್ತೋಯ್ನ, ಹುಡುಗಿಗೆ ಕೊಬ್ಬು ಬಂದಿದೆಯೆಂದು ನಮ್ಮ ಕಿಟಕಿಗೆ ಕೇಳುವಂತೆಯೇ ಅಂದಳು. ಅಮ್ಮ ಬಟ್ಟಲನ್ನು ಬಿಸಿಲಿಗಿಡಿಸಿ, ನಮ್ಮಿಬ್ಬರನ್ನೂ ಬಾಯಿ ಮುಚ್ಚಿಸಿ ಕೂರಿಸಿದಳು. ನೀರಿನ ಚಳಿ ಬಿಟ್ಟದ್ದೇ ಗುಟ್ಟೆಂದು ನನಗೆ ಹೊಳೆಯಿತು, ಆದರೆ ನಾನು ತುಟಿಪಿಟಕ್ಕೆನ್ನಲಿಲ್ಲ. ಈ ಸಲ ಕೆಂಪು ಹರಡಿತು, ಅದರೊಳಗೆ ಬಿಳಿ ಹರಡಿತು. ಇಸ್ಕ್ರ ಹಲ್ಲುಕಡ್ಡಿಯಿಂದ ಗೆರೆ ಎಳೆದಳು. ಅಮ್ಮ ಹಳೆಯ ರೂಢಿಯಂತೆ ಬಟ್ಟಲಿನ ಮೇಲೆ ಬಾಗಿದಳು.

"ನನ್ನ ಹೆದರಿಕೆ ಏನು ಕಾಣ್ತಿದೆ ಅಜ್ಜಿ?"

ಅಮ್ಮ ಬಹಳ ಹೊತ್ತು ನೋಡಿದಳು. "ನಿಂದೇನೂ ಇಲ್ಲ ಪುಟ್ಟಿ. ಇದ್ರಲ್ಲಿರೋದೆಲ್ಲ ನಂದು."

ಇಸ್ಕ್ರ ಅಜ್ಜಿಯತ್ತ ಕೈ ಚಾಚಿದಳು. ಏಪ್ರನ್ನಿನಡಿಯಿಂದ ಆ ಕೈ ಹೊರಬಂತು. ಮಗಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೀರಿಗೆ ಅದ್ದಿದಳು.

ಮರುದಿನ ಅಮ್ಮ ಗೇಟಿನ ಬಳಿ ನಿಂತು, ಶುಭವಾಗಲೆಂದು ಮೊಮ್ಮಗಳ ಮುಂದೆ ಎಡಗೈಯಿಂದ ನೀರು ಚೆಲ್ಲಿದಳು. ಬಲಗೈ ಏಪ್ರನ್ನಿನ ಮೇಲಿತ್ತು.

"ಉಗುರಿಗೆ ಈ ಬಣ್ಣ ಎಲ್ಲಿ ಹಾಕಿಸ್ದೆ ದೋನ್ಕಕ್ಕಾ?" ಸ್ತೋಯ್ನ ಸಿಟ್ಟು ಮರೆತು ಕೇಳಿದಳು.

"ಮನೇಲೇ. ನಿನ್ನಂಥವರ ಕೈಲಾಗಲ್ಲ ಬಿಡು, ಬಾಯಿ ಮುಚ್ಕೊಂಡಿರ್ಬೇಕು."

ಆಮೇಲೆ ಆ ಬಲಗೈಯಿಂದಲೇ ಇಸ್ಕ್ರಾಳ ನೆತ್ತಿ ಸವರಿದಳು. ಗಂಟೆಗಟ್ಟಲೆ ಸಿಂಗರಿಸಿದ ಕೂದಲು ಕೆದರಿತು. ಹುಡುಗಿ ಅಲುಗಾಡಲಿಲ್ಲ. ಅವಳು ಕಾರು ಹತ್ತಿದ ಮೇಲೆ ನಾನೂ ಅಮ್ಮನ ಮುಂದೆ ಹೋಗಿ ತಲೆ ಬಗ್ಗಿಸಿದೆ.