ಬೋಳು ಅಕ್ಷರ

ಅಜ್ಜನ ಕೈ ಮೊದಲು ನಡುಗಿದ್ದು ಕೆಲಸದ ನಡುವೆಯೇ. ಗಿರಾಕಿಯ ಗಲ್ಲಕ್ಕೆ ಸೋಪಿನ ನೊರೆ ಹಚ್ಚಿ ಕ್ಷೌರದ ಕತ್ತಿ ಎತ್ತಿದ್ದ, ಬಲಗೈ ತನ್ನ ಪಾಡಿಗೆ ತಾನು ಅಲುಗಿತು. ಪುಣ್ಯಕ್ಕೆ ಗಾಯವಾಗಲಿಲ್ಲ. ಆದರೆ ಆ ಗಿರಾಕಿ ಮುಂದಿನ ಸಲ ಬಂದವನೇ ಮಗನ ಕುರ್ಚಿಯಲ್ಲಿ ಕೂತ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಕೊನೆಗೆ ಅಜ್ಜ ಕತ್ತಿಯನ್ನು ಮಗನಿಗೆ ಒಪ್ಪಿಸಿ, ಬೆಂಚಿನ ಮೇಲೆ ಕೂತು ಬಂದವರ ಜೊತೆ ಹರಟೆ ಹೊಡೆಯುವ ಕೆಲಸಕ್ಕೆ ಬಡ್ತಿ ಪಡೆದ. ಹಾಗಂತ ಅವನೇ ಹೇಳಿಕೊಂಡು ನಗುತ್ತಿದ್ದ. ಒಳಗಿನ ಸಂಕಟವನ್ನು ಊರಿಗೆಲ್ಲ ಹಂಚುವ ಜಾಯಮಾನ ಅವನದಲ್ಲ.

ಮೊಮ್ಮಗಳು ಅಕ್ಷರ ಕಲಿತದ್ದು ಆ ಬೆಂಚಿನ ಮೇಲೆಯೇ. ಅವಳ ನಿಜವಾದ ಹೆಸರು ಶಾಲೆಯ ಹಾಜರಿಗಷ್ಟೇ. ಮನೆಗೂ ಅಂಗಡಿಗೂ ಅವಳು ಚಿಣ್ಣಿ. ಅಪ್ಪನಿಗೆ ಕತ್ತರಿ ಕೆಳಗಿಡಲು ಬಿಡುವಿಲ್ಲ, ಅಮ್ಮನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊತ್ತು ಗೊತ್ತಿಲ್ಲದ ಪಾಳಿ. ಸ್ಲೇಟು ಹಿಡಿಸುವ ಹೊಣೆ ಅಜ್ಜನ ತಲೆಗೆ ಬಿತ್ತು. ಅವಳ ಬೆಣ್ಣೆಯಂಥ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡು ತಿದ್ದಿಸಿದ್ದೇ ತಿದ್ದಿಸಿದ್ದು. ಕತ್ತಿ ಹೋದರೆ ಹೋಗಲಿ, ಈ ಕೈಗೆ ಇನ್ನೂ ಒಂದು ಕೆಲಸ ಉಳಿದಿದೆಯಲ್ಲ ಎಂದು ಅಜ್ಜನಿಗೆ ಹಿಡಿಸಲಾರದಷ್ಟು ಹಿಗ್ಗು.

ಎರಡನೇ ಕ್ಲಾಸಿಗೆ ಬಂದಾಗ ಶಾಲೆಯವರು ಸೊಸೆಯನ್ನು ಕರೆಸಿದರು. ಹುಡುಗಿ ಚುರುಕು, ತಪ್ಪಿಲ್ಲದೆ ಬರೆಯುತ್ತಾಳೆ, ಆದರೆ ಗೆರೆಗಳೆಲ್ಲ ನಡುಗುತ್ತವೆ, ಉಳಿದ ಮಕ್ಕಳು ಪುಟ ಮುಗಿಸುವ ಹೊತ್ತಿಗೆ ಇವಳದು ಎರಡು ಸಾಲು, ಕೈಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ ಎಂದರಂತೆ. ಸೊಸೆ ಅದನ್ನು ಅಡುಗೆಮನೆಯಲ್ಲಿ ಗಂಡನಿಗೆ ಪಿಸುಗುಟ್ಟಿದಳು. ಕೈ ನಡುಗಿದ ಮಾತ್ರಕ್ಕೆ ಕಿವಿ ಮಂದವಾಗಬೇಕೇ? ಗೋಡೆಯಾಚೆ ಕೂತಿದ್ದ ಅಜ್ಜನಿಗೆ ಎಲ್ಲ ಕೇಳಿಸಿತು.

"ಮಾವನ ಕೈ ಥರಾನೇ ಆಗ್ಬಿಟ್ರೆ ಏನ್ರೀ ಮಾಡೋದು?"

ಅಜ್ಜನ ಅಪ್ಪನಿಗೂ ಇದೇ ನಡುಕವಿತ್ತು. ಅಪ್ಪನಿಂದ ತನಗೆ ಬಂತು, ಮಗನನ್ನು ಬಿಟ್ಟು ನೇರ ಹೋಗಿ ಈ ಎಳೆಗೂಸಿಗೆ ಅಂಟಿಕೊಂಡಿತೇ? ತನಗಾದರೂ ತಲೆ ನರೆಯುವ ತನಕ ಬಿಟ್ಟಿತ್ತು. ಇವಳಿಗೆ ಹಾಲುಹಲ್ಲೇ ಇನ್ನೂ ಪೂರ್ತಿ ಬಿದ್ದಿಲ್ಲ. ಅಂದಿನಿಂದ ಅವನು ಕೈಗಳನ್ನು ಕೋಟಿನ ಜೇಬಿಗೆ ತುರುಕಿದವನು ಹೊರತೆಗೆಯಲೇ ಇಲ್ಲ. ನೋಡಿದರೆ ಅಂಟುವ ರೋಗ ಅದಲ್ಲ ಎಂದು ಗೊತ್ತಿದ್ದರೂ ಮನಸ್ಸು ಕೇಳಬೇಕಲ್ಲ. ಚಿಣ್ಣಿ ಸ್ಲೇಟು ಹಿಡಿದು ಬಂದರೆ ಅಪ್ಪನನ್ನು ಕೇಳು ಎಂದುಬಿಡುತ್ತಿದ್ದ. ರಸ್ತೆ ದಾಟುವಾಗಲೂ ಕೋಟಿನ ಅಂಚು ಹಿಡಿದುಕೋ ಎನ್ನುತ್ತಿದ್ದ. ಅವಳು ಮೂತಿ ಊದಿಸಿಕೊಂಡು ಅಂಚು ಹಿಡಿಯುತ್ತಿದ್ದಳು.

ಪೆನ್ಸಿಲು ಪುಸ್ತಕದ ಅಂಗಡಿಯ ಮಹಡಿಯಲ್ಲಿ ಮಕ್ಕಳ ಕೈಬರಹ ತಿದ್ದುವ ಟೀಚರೊಬ್ಬರು ಇದ್ದಾರೆ, ಡಾಕ್ಟರಿಗಿಂತ ಮೊದಲು ಅವರಿಗೊಮ್ಮೆ ತೋರಿಸಿ ಎಂದು ಗಿರಾಕಿಯೊಬ್ಬರು ಹೇಳಿದರು. ಮಗನಿಗೆ ಅಂಗಡಿ ತುಂಬ ಜನ, ಸೊಸೆಗೆ ಪಾಳಿ. ಕರೆದುಕೊಂಡು ಹೋಗಲು ಉಳಿದವನು ಅಜ್ಜ. ತಾನು ಕೊಟ್ಟ ರೋಗವನ್ನು ತಾನೇ ಹೋಗಿ ತೋರಿಸಿ ಬರಬೇಕಲ್ಲ ಎಂದು ಅವನ ಕಾಲೇ ಏಳಲಿಲ್ಲ. ಆದರೂ ಎದ್ದ.

ಮಹಡಿಯ ಕೋಣೆಯಲ್ಲಿ ಕಾಲು ಕೊಯ್ದು ಗಿಡ್ಡ ಮಾಡಿದ ಮೇಜುಗಳು, ಕಿಟಕಿಯಲ್ಲಿ ಡಬ್ಬಿ ತುಂಬ ಮೊಂಡು ಪೆನ್ಸಿಲು, ನೆಲದ ಮೇಲೆ ಹೆರೆದ ಸಿಪ್ಪೆ. ಟೀಚರು ದಪ್ಪಗಿದ್ದರು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಇವರೇನು ಕಂಡುಹಿಡಿದಾರು ಎಂದುಕೊಂಡ ಅಜ್ಜ. ಅವರು ಚಿಣ್ಣಿಗೆ ಬರೆ ಎನ್ನಲಿಲ್ಲ. ಲೋಟದ ಅಂಚಿನ ತನಕ ನೀರು ತುಂಬಿ, ಅಜ್ಜ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಾರೆ, ಕೊಟ್ಟು ಬಾ ಎಂದರು. ಅವಳು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದು ಬಂದಳು. ಒಂದು ಹನಿಯೂ ಚೆಲ್ಲಲಿಲ್ಲ. ಅಜ್ಜ ಬೇರೆ ದಾರಿಯಿಲ್ಲದೆ ಜೇಬಿನಿಂದ ಕೈ ತೆಗೆದು ಲೋಟ ಹಿಡಿದ. ಅರ್ಧ ನೀರು ಅವನ ಮಂಡಿಯ ಮೇಲಾಯಿತು. ಟೀಚರು ಅದನ್ನೂ ನೋಡಿದರು, ಇದನ್ನೂ ನೋಡಿದರು.

ಆಮೇಲೆ ಬೆಕ್ಕಿನ ಚಿತ್ರ ಬರೆಯಲು ಹೇಳಿದರು. ಚಿಣ್ಣಿ ಸರಸರನೆ ಬರೆದಳು. ಮೀಸೆಗಳು ಬಾಚಣಿಗೆಯ ಹಲ್ಲಿನಂತೆ ನೆಟ್ಟಗೆ ನಿಂತವು. ಕೊನೆಗೆ, ಈಗ ಒಂದು ಅಕ್ಷರ ಬರಿ ನೋಡೋಣ ಎಂದರು. ಹುಡುಗಿ ಬೆನ್ನು ಬಗ್ಗಿಸಿ, ನಾಲಿಗೆ ಹೊರಗೆ ಹಾಕಿ, ಉಸಿರು ಬಿಗಿಹಿಡಿದು ಬರೆಯತೊಡಗಿದಳು. ಗೆರೆ ಹೆಜ್ಜೆಹೆಜ್ಜೆಗೂ ನಡುಗುತ್ತ ಸಾಗಿತು. ಅಜ್ಜನಿಗೆ ನೋಡಲಾಗಲಿಲ್ಲ, ಕಿಟಕಿಯತ್ತ ಮುಖ ತಿರುಗಿಸಿದ.

"ಈ ಸಣ್ಣ ಸಣ್ಣ ಅಲೆ ಯಾಕೆ ಹಾಕ್ತೀಯಮ್ಮ?" ಟೀಚರು ಕೇಳಿದರು.

"ಅದು ಅಕ್ಷರದಲ್ಲೇ ಇರೋದಲ್ವಾ," ಎಂದಳು ಚಿಣ್ಣಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ. "ಅಜ್ಜ ಕೈ ಹಿಡ್ಕೊಂಡು ಹೇಳ್ಕೊಟ್ಟಿದ್ದು. ನಾನು ಒಂದು ಅಲೇನೂ ಬಿಡಲ್ಲ. ಅದಕ್ಕೇ ಲೇಟಾಗೋದು."

"ಪುಸ್ತಕದಲ್ಲಿ ಹಾಗಿಲ್ವಲ್ಲ?"

"ಪುಸ್ತಕದ್ದು ಮೆಷಿನ್ನಿನ ಅಕ್ಷರ. ಕೈಯಕ್ಷರಾನೇ ಬೇರೆ ಅಂತ ಅಜ್ಜ ಹೇಳಿದ್ದಾನೆ."

ಹೇಳಿದ್ದ, ನಿಜ. ಯಾವುದೋ ಹರಟೆಯ ಭರದಲ್ಲಿ. ಟೀಚರು ಅಜ್ಜನತ್ತ ತಿರುಗಿದರು.

"ಯಜಮಾನ್ರೇ, ಮಗು ಕೈ ಗಟ್ಟಿಯಾಗೇ ಇದೆ. ನಿಮ್ಮ ನಡುಕಾನ ಪಾಠ ಅಂದ್ಕೊಂಡು ಕಲ್ತಿದಾಳೆ, ಅಷ್ಟೇ."

ತಪ್ಪು ತನ್ನದೇ. ಅಬ್ಬಾ, ತನ್ನದೇ! ಇಷ್ಟು ಸಂತೋಷದಿಂದ ಯಾರೂ ಯಾವ ತಪ್ಪನ್ನೂ ತಲೆಯ ಮೇಲೆ ಹೊತ್ತುಕೊಂಡಿರಲಿಕ್ಕಿಲ್ಲ. ಎದೆಯ ಮೇಲಿನ ಚಪ್ಪಡಿಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಅವನು ನಕ್ಕ, ಕಣ್ಣು ಒರೆಸಿಕೊಂಡ, ಹಿಂದೆಯೇ ಮತ್ತೆ ನಕ್ಕ. ಚಿಣ್ಣಿ ಬಿಟ್ಟ ಬಾಯಿ ಬಿಟ್ಟಂತೆ ನೋಡಿದಳು.

ಅಲೆ ಬಿಟ್ಟು ಬರೆಯುವುದನ್ನು ಟೀಚರು ತೋರಿಸಿದರು. ಬೆಕ್ಕಿನ ಮೀಸೆ ಎಳೆದ ಹಾಗೆ ಎಳಿ, ನಿಲ್ಲಿಸಬೇಡ ಎಂದರು. ಒಂದೆರಡು ಸಲ ಕೈ ಹಳೇ ದಾರಿ ಹಿಡಿಯಿತು. ಆಮೇಲೆ ಒಂದು ಅಕ್ಷರ ಸುಯ್ಯನೆ, ದುಂಡಗೆ ಬಂತು. ಚಿಣ್ಣಿ ತಲೆ ವಾರೆ ಮಾಡಿ ನೋಡಿದಳು. ಅವಳಿಗೆ ಸಮಾಧಾನವಿಲ್ಲ.

"ಅಜ್ಜ, ಇದು ಬೋಳಾಗಿ ಕಾಣುತ್ತೆ."

"ಕಾಣ್ಲಿ ಬಿಡು. ನುಣ್ಣಗೆ ಮಾಡೋದು ನಮ್ಮ ಮನೆ ಕಸುಬು."

ಅಭ್ಯಾಸ ಬಿಡಲು ಕೆಲವು ವಾರ ಹಿಡಿದೀತು, ಅಂಗಡಿಯ ಕನ್ನಡಿಯ ಮೇಲೆ ನೊರೆಯಲ್ಲಿ ಬೆರಳಾಡಿಸಿ ದೊಡ್ಡ ದೊಡ್ಡದಾಗಿ ಬರೆಯಲಿ ಎಂದರು ಟೀಚರು. ಕೈ ಹಿಡಿದು ಮಾತ್ರ ತಿದ್ದಿಸಬೇಡಿ ಎಂದು ಮೆಲ್ಲಗೆ ಸೇರಿಸಿದರು. ಅಜ್ಜನಿಗೆ ಅದು ಚುಚ್ಚಿತು. ಆದರೆ ಅಂದು ಅವನಿಗೆ ಯಾವ ನೋವೂ ನಾಟುವಂತಿರಲಿಲ್ಲ. ಪಕ್ಕದಲ್ಲಿ ಕೂತು ನೋಡುತ್ತೇನೆ, ಅಷ್ಟು ಸಾಕು ಎಂದ.

ಕೆಳಗಿಳಿದು ರಸ್ತೆಯಂಚಿಗೆ ಬಂದಾಗ ಚಿಣ್ಣಿ ಅಭ್ಯಾಸಬಲದಿಂದ ಕೋಟಿನ ಅಂಚಿಗೆ ಕೈ ಹಾಕಿದಳು. ಅಜ್ಜ ಜೇಬಿನಿಂದ ಕೈ ತೆಗೆದು ಅವಳ ಕೈ ಹಿಡಿದುಕೊಂಡ. ಅವಳು ನಡುಗುವ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದಳು.

"ಅಜ್ಜ, ಹಾಗಾದ್ರೆ ನಡುಗೋದು ನಿನ್ನ ಕೈನಾ?"

"ಹೂಂ," ಎಂದ ಅಜ್ಜ, ಬಹುಮಾನ ಗೆದ್ದವನ ಗತ್ತಿನಲ್ಲಿ. "ನಂದೊಂದೇ."