ಎಡಕ್ಕೆ ಸುತ್ತಿದ ಏಣಿ

ಆಸ್ಪತ್ರೆಯ ವರ್ಕ್‌ಶಾಪಿನ ಫಿಟ್ಟರನನ್ನು ಎಲ್ಲರೂ ನಟ್ಟಣ್ಣ ಅಂತಲೇ ಕರೆಯುತ್ತಿದ್ದರು. ಮಂಚದ ಕಾಲು ಅಲ್ಲಾಡಿದರೆ ನಟ್ಟಣ್ಣ, ಗಾಲಿಕುರ್ಚಿ ಕಿರುಗುಟ್ಟಿದರೆ ನಟ್ಟಣ್ಣ, ಆಕ್ಸಿಜನ್ ಪೈಪು ಸೋರಿದರೆ ನಟ್ಟಣ್ಣ. ಏನು ಕೆಟ್ಟರೂ ಮೊದಲು ಅವನನ್ನು ಕರೆಯುತ್ತಿದ್ದರು, ರಿಪೇರಿಯಾದ ಮೇಲೆ ಅವನನ್ನೇ ಬೈಯುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಪ್ಪತ್ತೆಂಟು ವರ್ಷದಲ್ಲಿ ಅದು ಅವನಿಗೆ ಅಭ್ಯಾಸವಾಗಿತ್ತು.

ಮನೆಯಲ್ಲಿ ಹೊತ್ತಿದ್ದ ಅಪವಾದ ಬೇರೆ. ಅದಕ್ಕೆ ಅಭ್ಯಾಸ ಅಂತ ಇಲ್ಲ.

ಹನ್ನೆರಡು ವರ್ಷದ ಕೆಳಗೆ ಅವನು ತನ್ನ ಸೈಕಲ್ಲಿನ ಮುಂದಿನ ಕಂಬಿಗೆ ಪುಟ್ಟ ಸೀಟೊಂದನ್ನು ತಾನೇ ವೆಲ್ಡ್ ಮಾಡಿ ಕೂಡಿಸಿದ್ದ, ಮಗಳ ಮಗನಿಗೆ. ಹುಡುಗನಿಗೆ ಆಗ ಐದು. ಇಳಿಜಾರಿನ ತಿರುವಿನಲ್ಲಿ ಹುಡುಗ ಸೀಟಿನಿಂದ ಜಾರಿ ಜಲ್ಲಿಯ ಮೇಲೆ ಬಿದ್ದ. ಮಂಡಿ ತರಚಿತು, ಅಷ್ಟೆ. ಆದರೆ ಆಮೇಲೆ ಹುಡುಗ ನೆಲದಿಂದ ಏಳುವಾಗ ತನ್ನ ತೊಡೆಗಳನ್ನೇ ಏಣಿಯಂತೆ ಹಿಡಿದು ಹತ್ತಿ ಹತ್ತಿ ಏಳುವುದು ಎಲ್ಲರ ಕಣ್ಣಿಗೆ ಬಿತ್ತು. ಹತ್ತಕ್ಕೆ ಗಾಲಿಕುರ್ಚಿ. ಅದರ ಬೇರಿಂಗನ್ನು ತಿಂಗಳಿಗೊಮ್ಮೆ ಬಿಚ್ಚಿ ಗ್ರೀಸು ಹಾಕುತ್ತಿದ್ದವನೂ ತಾತನೇ. ಹದಿನೈದಕ್ಕೆ ಎದೆ ಕಟ್ಟಿ ಹೋದ. ಎಲುಬು ಕೂರಿಸುವವರಿಂದ ಹಿಡಿದು ಬೀದಿ ತುದಿಯ ಡಾಕ್ಟರವರೆಗೆ ಎಲ್ಲರೂ, "ಬಿದ್ದಾಗ ಒಳಗೆ ನರ ಏನೋ ಆಗಿದೆ" ಎಂದು ಕೈ ತೊಳೆದುಕೊಂಡಿದ್ದರು. ಅಳಿಯ ಮಾತು ಬಿಟ್ಟ. ಮಗಳು ಊಟಕ್ಕೆ ಬಡಿಸುತ್ತಿದ್ದಳು, ಆದರೆ ಅಪ್ಪಾ ಅನ್ನುವುದನ್ನು ನಿಲ್ಲಿಸಿಬಿಟ್ಟಳು. "ಬೇಕಾ ಅಂತ ಕೇಳಿ", "ಬಂದರಾ ನೋಡಿ" ಎಂದು ಗೋಡೆಗೆ ಹೇಳಿದಂತೆ ಹೇಳುವಳು.

ಈಗ ಮೂವತ್ತಾರನೆಯ ವಯಸ್ಸಿನಲ್ಲಿ ಆ ಮಗಳು ಮತ್ತೆ ನಾಲ್ಕು ತಿಂಗಳ ಬಸುರಿ.

ಆಸ್ಪತ್ರೆಯಲ್ಲಿ ಡಿಎನ್‌ಎ ಪರೀಕ್ಷೆಯ ಹೊಸ ವಿಭಾಗ ಕೆಲಸ ಶುರುಮಾಡಿತ್ತು. ಹುಡುಗ ಸಾಯುವ ಮುನ್ನ ತೆಗೆದಿಟ್ಟಿದ್ದ ರಕ್ತ ಇನ್ನೂ ಆಸ್ಪತ್ರೆಯ ಫ್ರೀಜರಿನಲ್ಲಿತ್ತು. ಮಗಳನ್ನು ನೋಡುವ ಡಾಕ್ಟರು ಅದನ್ನೂ, ಅವಳ ರಕ್ತವನ್ನೂ, ಹೊಟ್ಟೆಯೊಳಗಿನ ಮಗುವಿನ ಸುತ್ತಲ ನೀರನ್ನೂ ಪರೀಕ್ಷೆಗೆ ಕಳಿಸಿದರು. ಬಿದ್ದದ್ದೇ ಕಾರಣವೋ, ವಂಶದಲ್ಲಿ ಬಂದದ್ದೋ, ಗೊತ್ತಾಗಿಬಿಡುತ್ತದೆ. ವಂಶದ್ದಾದರೆ ಈ ಮಗುವಿಗೂ ಬಂದಿದೆಯೋ ಇಲ್ಲವೋ, ಅದೂ.

ಬೇರೆ ಯಾರಾದರೂ ಆಗಿದ್ದರೆ, ಕಡೆಗೂ ನನ್ನ ಹೆಸರು ತೊಳೆಯುವ ಕಾಲ ಬಂತು ಅಂದುಕೊಳ್ಳುತ್ತಿದ್ದರು. ನಟ್ಟಣ್ಣ ಉಲ್ಟಾ ಬೇಡುತ್ತಿದ್ದ. ನನ್ನದೇ ತಪ್ಪು ಅಂತ ಬರಲಿ ದೇವರೇ, ಸೈಕಲ್ಲಿಂದಲೇ ಅಂತ ಬರಲಿ. ಹಾಗೆ ಬಂದರೆ ಒಳಗಿರುವ ಕೂಸಿಗೆ ಭಯವಿಲ್ಲ.

ಅದೇ ಹೊತ್ತಿಗೆ ಆಸ್ಪತ್ರೆಯ ದೊಡ್ಡ ಡಾಕ್ಟರು ಅವನನ್ನು ಕರೆಸಿ, ಒಂದು ಕಾಗದ ಕೈಗಿತ್ತರು. ಹೊಸ ವಿಭಾಗದ ಬಾಗಿಲಲ್ಲಿ ನಿಲ್ಲಿಸಲು ಆಳುದ್ದದ ಡಿಎನ್‌ಎ ಮಾದರಿ ಬೇಕು. ಎರಡು ಕಂಬಿ ಒಂದನ್ನೊಂದು ಸುತ್ತಿಕೊಂಡು ಮೇಲೇರಬೇಕು, ನಡುವೆ ಮೆಟ್ಟಿಲುಗಳಂತೆ ತಗಡಿನ ಪಟ್ಟಿ.

ನಟ್ಟಣ್ಣ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದ. "ಸಾರ್, ಇದು ಎಡ ಥ್ರೆಡ್."

"ಏನದು?"

"ಮಾಮೂಲಿ ಬೋಲ್ಟ್ ನಿಲ್ಲಿಸಿ ನೋಡಿ ಸಾರ್, ಸುತ್ತಿನ ಗೆರೆ ಎಡದಿಂದ ಬಲಕ್ಕೆ ಏರುತ್ತೆ. ಇದು ಬಲದಿಂದ ಎಡಕ್ಕೆ ಏರ್ತಾ ಇದೆ. ಹೀಗೇ ಮಾಡ್ಲಾ?"

"ಎಡವೋ ಬಲವೋ, ಚಿತ್ರದಲ್ಲಿ ಇರೋ ಹಾಗೆ ಮಾಡಯ್ಯ. ನೀನೇನು ವಿಜ್ಞಾನಿಯಾ?" ಎಂದು ಕಾಗದದ ಮೂಲೆಯಲ್ಲಿ ಸಹಿ ಗೀಚಿಕೊಟ್ಟರು.

ಅವನೂ ಹೆಚ್ಚು ಕೆದಕಲಿಲ್ಲ. ಅವನ ಕಸುಬಿನಲ್ಲಿ ಎಡ ಥ್ರೆಡ್ ಸುಮ್ಮನೆ ಇರುವುದಿಲ್ಲ. ಉರಿಯುವ ಗ್ಯಾಸಿನ ಸಿಲಿಂಡರಿಗೆ ಎಡ, ಆಕ್ಸಿಜನ್ನಿಗೆ ಬಲ. ಒಂದರದು ಇನ್ನೊಂದಕ್ಕೆ ಅಪ್ಪಿತಪ್ಪಿಯೂ ಕೂರಬಾರದು ಅಂತ ಹಿರಿಯರು ಮಾಡಿದ ಏರ್ಪಾಡು. ಇದಕ್ಕೂ ಓದಿದವರು ಏನೋ ಕಾರಣ ಇಟ್ಟಿರಬೇಕು ಅಂದುಕೊಂಡು, ಕಂಬಿಯನ್ನು ಎಡಕ್ಕೇ ಬಗ್ಗಿಸಿದ.

ಪರೀಕ್ಷೆ ಮಾಡುವ ಲ್ಯಾಬಿನ ಹೆಂಗಸು ಮಧ್ಯಾಹ್ನದ ಬಿಡುವಿನಲ್ಲಿ ವರ್ಕ್‌ಶಾಪಿಗೆ ಬಂದು ಸ್ಟೂಲಿನ ಮೇಲೆ ಕೂರುವಳು. ಅವನಿಗಿಂತ ಹತ್ತು ವರ್ಷ ಚಿಕ್ಕವಳಾದರೂ ಅವನಿಗೆ ಅವಳು ಅಕ್ಕ. ಅವಳೇ ತಗಡಿನ ಆಕಾರಗಳನ್ನು ರಟ್ಟಿನಲ್ಲಿ ಕತ್ತರಿಸಿ ತಂದಿದ್ದಳು.

"ನಾಲ್ಕೇ ಆಕಾರ ನಟ್ಟಣ್ಣ. ಎರಡು ದೊಡ್ಡವು, ಎರಡು ಚಿಕ್ಕವು. ದೊಡ್ಡದಕ್ಕೆ ಯಾವಾಗಲೂ ಚಿಕ್ಕದೇ ಜೋಡಿ, ಅದೂ ತನ್ನ ಜೋಡಿಯೇ. ಆಗ ಎಲ್ಲಾ ಮೆಟ್ಟಿಲೂ ಒಂದೇ ಅಗಲ ಬರುತ್ತೆ."

"ಅಂದ್ರೆ ಒಂದು ಕಡೆ ಕಂಬಿ ಕಳೆದುಹೋದರೂ ಇನ್ನೊಂದು ಕಡೆ ನೋಡ್ಕೊಂಡು ಮಾಡಬಹುದು."

"ಅದನ್ನ ಕಂಡುಹಿಡಿಯೋಕೆ ದೊಡ್ಡದೊಡ್ಡವರು ತಲೆ ಕೆಡಿಸ್ಕೊಂಡರು, ನೀನು ಬೀಡಿ ಸೇದ್ತಾ ಹೇಳ್ತೀಯ!"

ಅದನ್ನು ಕಂಡುಹಿಡಿದ ಕಥೆಯನ್ನೂ ಅವಳೇ ಹೇಳಿದಳು. ಒಬ್ಬ ಹೆಂಗಸು ಡಿಎನ್‌ಎಯ ಒದ್ದೆ ಎಳೆಯೊಂದರ ಎಕ್ಸ್‌ರೇ ಚಿತ್ರ ತೆಗೆಸಿದ್ದಳಂತೆ. ನಡುವೆ ಕತ್ತರಿಯಂತೆ ಅಡ್ಡಹಾದ ಮಚ್ಚೆಗಳು; ಬಲ್ಲವರು ನೋಡಿದರೆ ಇದು ಸುತ್ತಿಕೊಂಡ ವಸ್ತು ಎಂದು ಹೇಳಿಬಿಡಬಹುದು. ಅವಳ ಜೊತೆಯವನೊಬ್ಬ ಅವಳನ್ನು ಕೇಳದೆ ಅದನ್ನು ಬೇರೊಬ್ಬನಿಗೆ ತೋರಿಸಿದ. ಆ ಬೇರೊಬ್ಬ ಮತ್ತು ಅವನ ಗೆಳೆಯ ಮೊದಲು ಮೂರು ಕಂಬಿ ಇಟ್ಟು, ಒಳಗಿರಬೇಕಾದ್ದನ್ನು ಹೊರಗಿಟ್ಟು ನಗೆಪಾಟಲಾಗಿದ್ದವರು. ಎರಡನೇ ಸಲ ತಗಡಿನ ತುಂಡುಗಳು ಬರುವುದು ತಡವಾಯಿತೆಂದು ಒಬ್ಬ ರಟ್ಟು ಕತ್ತರಿಸಿ ಮೇಜಿನ ಮೇಲೆ ಜೋಡಿಸುತ್ತಾ ಕೂತ. ಅಲ್ಲೇ ಜೋಡಿ ಕೂತಿತು.

"ತಗಡು ಯಾಕೆ ತಡ ಆಯ್ತು?"

"ಅವರ ವರ್ಕ್‌ಶಾಪಿನವನು ಮಾಡಿ ಕೊಟ್ಟಿರಲಿಲ್ಲವಂತೆ."

ನಟ್ಟಣ್ಣ ತಗಡು ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟು ನಕ್ಕ. "ನೋಡಿದ್ಯಾ ಅಕ್ಕ? ಯಾವ ದೇಶಕ್ಕೆ ಹೋದರೂ ದೂರು ವರ್ಕ್‌ಶಾಪಿನವನ ಮೇಲೇ." ಆಮೇಲೆ ಕೇಳಿದ, "ಆ ಹೆಂಗಸು?"

"ಮೂವತ್ತೇಳಕ್ಕೇ ಹೋದಳು, ಕ್ಯಾನ್ಸರ್. ನಾಲ್ಕು ವರ್ಷ ಆದ ಮೇಲೆ ಆ ಮೂವರು ಗಂಡಸರಿಗೆ ದೊಡ್ಡ ಬಹುಮಾನ ಬಂತು. ಸತ್ತವರಿಗೆ ಅದನ್ನ ಕೊಡಲ್ಲ."

ಅವನು ಅರವನ್ನು ಮತ್ತೆ ಎತ್ತಿಕೊಂಡ. ಮೂವತ್ತೇಳು ಅಂದದ್ದೇ ಮಗಳ ವಯಸ್ಸು ನೆನಪಾಗಿತ್ತು.

ಹೊಸ ವಿಭಾಗದ ಉದ್ಘಾಟನೆಗೆ ಎರಡು ದಿನ ಇರುವಾಗ ರಿಪೋರ್ಟು ಬಂತು. ಮಗಳು ಬೆಳಿಗ್ಗೆಯೇ ಬಂದು ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದಳು. ಒಳಗೆ ಹೋಗುವ ಧೈರ್ಯ ಅವಳಿಗಿರಲಿಲ್ಲ. ಅಪ್ಪನಿಗೇ ತಿಳಿಸಿ ಎಂದು ಬರೆದು ಸಹಿ ಹಾಕಿ, ಕಾಗದವನ್ನು ಅವನತ್ತ ನೋಡದೆ ಚಾಚಿದಳು.

ಒಳಗೆ ಲ್ಯಾಬಿನ ಹೆಂಗಸು ಮಗಳನ್ನು ನೋಡುವ ಡಾಕ್ಟರ ಪಕ್ಕದಲ್ಲೇ ನಿಂತಿದ್ದಳು. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅವಳು ಅವನಿಗೆ ತಿಳಿಯುವಂತೆ ಹೇಳಿದಳು.

"ಹುಡುಗನ ಏಣಿಯಲ್ಲಿ ಒಂದು ಜಾಗದಲ್ಲಿ ಒಂದಷ್ಟು ಮೆಟ್ಟಿಲೇ ಇಲ್ಲ ನಟ್ಟಣ್ಣ. ಹುಟ್ಟುವಾಗಲೇ ಇರಲಿಲ್ಲ. ಸ್ನಾಯು ಗಟ್ಟಿ ಇಡೋ ಜಾಗ ಅದು. ತಾಯಿ ಹತ್ತಿರ ಅಂಥ ಏಣಿ ಎರಡು ಇರುತ್ತೆ, ಒಂದು ಕೆಟ್ಟರೂ ಇನ್ನೊಂದು ಕೈ ಹಿಡಿಯುತ್ತೆ. ಗಂಡುಮಕ್ಕಳಿಗೆ ಒಂದೇ."

"ಸೈಕಲ್ಲು?"

"ಸೈಕಲ್ಲಿಂದ ಏನೂ ಆಗಿಲ್ಲ. ಬಿದ್ದದ್ದರಿಂದ ಕಾಲು ಹೋಗಲಿಲ್ಲ. ಕಾಲು ಹೋಗ್ತಾ ಇದ್ದದ್ದರಿಂದಲೇ ಅವನು ಬಿದ್ದ." ಅವಳು ಅವನ ಮೊಣಕೈ ಹಿಡಿದಳು. "ನಿನ್ನ ತಪ್ಪಿಲ್ಲ ನಟ್ಟಣ್ಣ. ಯಾವತ್ತೂ ಇರಲಿಲ್ಲ."

ಅವನಿಗೆ ಹುಡುಗನ ಮೀನಖಂಡ ನೆನಪಾಯಿತು. ನಾಲ್ಕು ವರ್ಷಕ್ಕೇ ಪೈಲ್ವಾನನಂತೆ ದಪ್ಪ. "ನನ್ನ ಕಾಲೇ ಬಂದಿದೆ" ಎಂದು ಬೀದಿಯವರಿಗೆಲ್ಲ ತೋರಿಸಿದ್ದ. ಮೆಟ್ಟಿಲು ಹತ್ತುವಾಗ ಆಗಲೇ ಗೋಡೆ ಹಿಡಿಯುತ್ತಿದ್ದ ಹುಡುಗ. ಬೀಳುವ ಮುಂಚೆಯೇ. ಕಣ್ಣೆದುರು ಇತ್ತು, ಯಾರೂ ನೋಡಿರಲಿಲ್ಲ.

"ಈ ಕೂಸು?" ಎಂದ.

ಅವಳು ತಲೆ ತಗ್ಗಿಸಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

ರಿಪೋರ್ಟಿನ ಲಕೋಟೆ ಹಿಡಿದು ಅವನು ಕಾರಿಡಾರಿಗೆ ಬಂದ. ಮಗಳು ಎದ್ದು ನಿಂತಳು.

"ಸೈಕಲ್ಲಿಂದಲೇ ಅಂತ ಬಂದಿದೆ, ಅಲ್ವಾ?"

ಒಂದು ಗಳಿಗೆ ಅವನ ನಾಲಿಗೆಯ ತುದಿಗೆ ಹೌದು ಅನ್ನುವುದು ಬಂದು ನಿಂತಿತು. ಹನ್ನೆರಡು ವರ್ಷ ಹೊತ್ತದ್ದು, ಇನ್ನೊಂದಷ್ಟು ದಿನ ಹೊರುವುದೇನು ಕಷ್ಟ? ಆದರೆ ಇವಳು ನಾಳೆ ಡಾಕ್ಟರ ಮುಂದೆ ಕೂತು ಈ ಬಸಿರಿನ ತೀರ್ಮಾನ ಹೇಳಬೇಕಾದವಳು. ಸುಳ್ಳಿನ ಮೇಲೆ ಅದನ್ನು ಹೇಳಿಸಲಾಗುವುದಿಲ್ಲ.

"ಇಲ್ಲ ಮಗಳೇ."

"ಸರಿಯಾಗಿ ಓದಿಸಿದ್ದೀರಾ?"

"ಎರಡು ಸಲ ಓದಿಸಿದೆ. ಹುಟ್ಟಿನಿಂದಲೇ ಬಂದದ್ದು. ಈ ಕೂಸಿಗೂ... ಇದಕ್ಕೂ ಬಂದಿದೆ."

ಅವಳು ಬೆಂಚಿನ ಹಿಡಿಯನ್ನು ತಡಕಿದಳು. "ಹಾಗಾದ್ರೆ ನನ್ನಿಂದ."

"ನಿನ್ನಿಂದಲ್ಲ. ನಿಮ್ಮಮ್ಮನ ಹತ್ತಿರವೂ ಇತ್ತೇನೋ, ಪಾಪ, ಅವಳಿಗೂ ಗೊತ್ತಿರಲಿಲ್ಲ. ಇದು ಯಾರೂ ಮಾಡಿದ್ದಲ್ಲ."

"ನೀನೇ ಬೀಳಿಸಿದ್ದು ಅಂತ ಹೇಳಪ್ಪಾ." ಹನ್ನೆರಡು ವರ್ಷದ ಮೇಲೆ ಬಂದ ಅಪ್ಪಾ ಅದು. ಅವಳು ಅವನ ಅಂಗಿಯ ಎದೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. "ಇಷ್ಟು ವರ್ಷ ಬೈಸ್ಕೊಂಡಿದ್ದೀಯ. ಇನ್ನೊಂದೇ ಸಲ ಬೈಸ್ಕೋ. ನಾನೇ ಬೀಳಿಸಿದೆ ಅನ್ನು."

ಅವನು ಅವಳ ತಲೆಯನ್ನು ಎದೆಗೆ ಒತ್ತಿಕೊಂಡ. ಅಂಗಿಯ ಎಣ್ಣೆ ಕಲೆ ಅವಳ ಕೆನ್ನೆಗೆ ಹತ್ತಿತು. ಗಾಲಿಕುರ್ಚಿಯೊಂದು ಕಿರುಗುಟ್ಟುತ್ತಾ ಅವರನ್ನು ದಾಟಿ ಹೋಯಿತು. ಕಿವಿಗೆ ಬಿದ್ದರೂ ಅವನು ತಿರುಗಲಿಲ್ಲ.

ಮಾರನೆಯ ದಿನ ಅವಳೂ ಅಳಿಯನೂ ಡಾಕ್ಟರ ಕೋಣೆಗೆ ಹೋದರು. ಅಳಿಯ ಬಾಗಿಲಲ್ಲಿ ನಿಂತು, "ಮಾವ, ನೀವೂ ಬನ್ನಿ" ಎಂದ. ನಟ್ಟಣ್ಣ ಹೋದ. ಮಗಳೇ ಮಾತಾಡಿದಳು. ಒಬ್ಬನನ್ನು ಹದಿನೈದು ವರ್ಷ ಎತ್ತಿ ಇಳಿಸಿದ್ದೇನೆ, ಇನ್ನೊಬ್ಬನನ್ನು ಅದಕ್ಕೆಂದೇ ಹಡೆಯಲಾರೆ ಎಂದಳು. ಯಾರೂ ಅವಳಿಗೆ ಎದುರು ಹೇಳಲಿಲ್ಲ. ಅವಳಿಗೆ ಮೇಲಿನ ವಾರ್ಡಿನಲ್ಲಿ ಮಂಚ ಕೊಟ್ಟರು. ಆ ಮಂಚದ ಕಾಲನ್ನು ಹೋದ ತಿಂಗಳು ಅವನೇ ಸರಿಮಾಡಿದ್ದ.

ನಟ್ಟಣ್ಣ ಕೆಳಗೆ ಇಳಿದು ಬಂದರೆ ಹೊಸ ವಿಭಾಗದ ಬಾಗಿಲಲ್ಲಿ ಮಾದರಿಯ ಸುತ್ತ ಗುಂಪು. ಲ್ಯಾಬಿನ ಹೆಂಗಸು ಅದು ಪೂರ್ತಿ ನಿಂತದ್ದನ್ನು ಅಂದೇ ನೋಡಿದ್ದಳು, ನೋಡಿದ್ದೇ ಹಣೆ ಚಚ್ಚಿಕೊಂಡಿದ್ದಳು. ನಮ್ಮ ಮೈಯೊಳಗಿನ ಏಣಿ ಸುತ್ತುವುದು ಬಲಕ್ಕೆ, ಇದು ಎಡಕ್ಕೆ ಸುತ್ತಿದೆ.

"ತಲೆಕೆಳಗೆ ಮಾಡಿ ನಿಲ್ಲಿಸಿದರೆ ಆಯ್ತಲ್ಲ," ಎಂದರು ದೊಡ್ಡ ಡಾಕ್ಟರು.

"ಬೋಲ್ಟನ್ನ ತಲೆಕೆಳಗೆ ಮಾಡಿದರೂ ಎಡ ಥ್ರೆಡ್ ಬಲ ಆಗಲ್ಲ ಸಾರ್," ಎಂದ ನಟ್ಟಣ್ಣ.

"ಹಾಗಾದ್ರೆ ಯಾರ ತಪ್ಪಯ್ಯ ಇದು? ನಾಳೆ ಅಷ್ಟು ಜನ ಓದಿದವರು ಬರ್ತಾರೆ!"

ಸಹಿ ಬಿದ್ದ ಚಿತ್ರ ಅವನ ಜೇಬಿನಲ್ಲೇ ಇತ್ತು. ಅದು ಲ್ಯಾಬಿನ ಹೆಂಗಸಿಗೂ ಗೊತ್ತಿತ್ತು. ತೆಗೆದು ತೋರಿಸು ಎಂದು ಅವಳು ಕಣ್ಣಲ್ಲೇ ಸನ್ನೆ ಮಾಡಿದಳು. ಅವನ ಕೈ ಜೇಬಿಗೆ ಹೋಯಿತು, ಸ್ಪ್ಯಾನರ್ ಹಿಡಿದು ಹೊರಬಂತು.

"ನಂದೇ ಸಾರ್," ಎಂದ.

ಜಗಳಕ್ಕೆ ತಯಾರಾಗಿದ್ದ ದೊಡ್ಡ ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು.

ನಟ್ಟಣ್ಣ ಮಂಡಿಯೂರಿ ಕೂತು ಎಲ್ಲಕ್ಕಿಂತ ಕೆಳಗಿನ ನಟ್ಟಿಗೆ ಸ್ಪ್ಯಾನರ್ ಕೊಟ್ಟ. "ನಾಳೆ ಹೊತ್ತಿಗೆ ಆಗುತ್ತೆ. ಬಿಚ್ಚಿ, ಬಲಕ್ಕೆ ಬಗ್ಗಿಸಿ ಮತ್ತೆ ಕೂಡಿಸಿದರೆ ಸರಿಹೋಗುತ್ತೆ ಸಾರ್, ಇದು."