ಯಾಡಿ ಬೇರೆ, ತಾಯಿ ಬೇರೆ

ಹೊನ್ನೂರಮ್ಮ ಟೀಚರಿಗೆ ಒಂದು ಅಭ್ಯಾಸವಿತ್ತು. ಕಪ್ಪುಹಲಗೆಯ ಮೇಲೆ ಆಕೆ ಏನು ಬರೆದರೂ ಮಕ್ಕಳು ಒಟ್ಟಿಗೆ ಗಂಟಲು ಹರಿಯುವಂತೆ ಓದಬೇಕು. ಓದಿ ಮುಗಿಸುವಷ್ಟರಲ್ಲಿ ಆಕೆ "ಇನ್ನೊಮ್ಮೆ" ಅನ್ನಬೇಕು. ತಾರೀಖು ಬರೆದರೂ ಓದು, ಹಾಜರಿ ಬರೆದರೂ ಓದು. ನ್ಯಾಮತಿಯ ಆಚೆಗಿದ್ದ ಆ ಲಂಬಾಣಿ ತಾಂಡದಲ್ಲಿ ಎಮ್ಮೆ ಕಾಯುವವರಿಗೂ ಅವತ್ತಿನ ತಾರೀಖು ಗೊತ್ತಿರುತ್ತಿದ್ದದ್ದು ಹೀಗೆ.

ಕಟ್ಟುನಿಟ್ಟು ಇನ್ನೊಂದಿತ್ತು. "ಸಾಲಿಯೊಳಗೆ ಕನ್ನಡ ಮಾತ್ರ. ನಿಮ್ಮ ಮಾತನ್ನ ಚಪ್ಲಿ ಜತಿಗೆ ಬಾಗ್ಲಾಗೇ ಬಿಟ್ಟು ಬರ್ರಿ." ತಾಂಡದ ಮಕ್ಕಳಿಗೆ ಚಪ್ಪಲಿ ಎಲ್ಲಿಂದ ಬರಬೇಕು? ಬಿಡುವುದಕ್ಕೆ ಇದ್ದದ್ದು ಮಾತೊಂದೇ. ಅದನ್ನು ಬಿಟ್ಟು, ಬಾಯಿ ಕಟ್ಟಿಕೊಂಡು ಒಳಗೆ ಬಂದು ಕೂರುತ್ತಿದ್ದವು.

ಈ ಮಾತು ಹೊನ್ನೂರಮ್ಮನ ಸ್ವಂತದ್ದೇನಲ್ಲ. ಆಕೆ ಜಗಳೂರು ಸೀಮೆಯವಳು, ಮನೆಮಾತು ತೆಲುಗು. ಚಿಕ್ಕವಳಿದ್ದಾಗ ಅಲ್ಲಿನ ಮೇಷ್ಟ್ರು ಆಕೆಗೆ ಇದನ್ನೇ ಹೇಳಿ ಕಿವಿ ಹಿಂಡಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈಗ ಆಕೆ ಹೇಳುತ್ತಿದ್ದಳು, ಅಷ್ಟೆ.

ಆದರೆ ಆ ಬಿಟ್ಟು ಬಂದ ಮಾತು ಆಕೆಯನ್ನು ಬಿಟ್ಟಿರಲಿಲ್ಲ. ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಅವ್ವ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು: "ಇಂಟಿಕಿ ರಾವೇ ತಲ್ಲೀ!" ಮನೆಗೆ ಬಾರೇ ತಾಯಿ ಅಂತ. ಜಗಳೂರಿಗೆ ವರ್ಗ ಮಾಡಿಕೊಡಿ ಎಂದು ಹೊನ್ನೂರಮ್ಮ ವರ್ಷವರ್ಷ ಅರ್ಜಿ ಹಾಕಿದಳು. ವರ್ಗ ಬರಲಿಲ್ಲ, ಅವ್ವ ಹೋಗಿಬಿಟ್ಟಳು. ಹೊನ್ನಾಳಿಯಲ್ಲಿದ್ದ ಗಂಡ ಅಂಜಿನಪ್ಪ ಒಳ್ಳೆಯವನೇ, ಆದರೆ ಅವನ ಪಾಲಿಗೆ ತೆಲುಗು ಅಂದರೆ ಸಿನಿಮಾ ಪೋಸ್ಟರು. ಬಸ್ಸಿಳಿದು ತಾಂಡದ ಹಾದಿಯಲ್ಲಿ ಒಬ್ಬಳೇ ನಡೆಯುವಾಗ ಹೊನ್ನೂರಮ್ಮ ಆ ಮೂರು ಮಾತನ್ನು ಮೆಲ್ಲಗೆ ಹೇಳಿಕೊಂಡು ನೋಡುತ್ತಿದ್ದಳು. ತನಗೆ ತಾನೇ ಕಚಗುಳಿ ಇಟ್ಟುಕೊಂಡ ಹಾಗಾಗುತ್ತಿತ್ತು. ಇನ್ನೊಬ್ಬರು ಕರೆಯದೆ ಕರೆ ಆದೀತೇ? ಒಂದೇ ಒಂದು ಸಲ ಯಾರಾದರೂ ಹಾಗೆ ಕೂಗಿದರೆ ಸಾಕು ಎಂದು ಆಕೆಯ ಜೀವ ಹಂಬಲಿಸುತ್ತಿತ್ತು.

ಎಂಬತ್ತೆರಡನೇ ಇಸವಿಯ ಕಾರ್ತಿಕದಲ್ಲಿ ಆ ಒಂದೇ ಕೋಣೆಯ ಶಾಲೆಯ ನಾಲ್ಕನೇ ಕ್ಲಾಸಿಗೆ ಪ್ರಬಂಧ ಕೊಟ್ಟಳು: 'ನನ್ನ ತಾಯಿ'. ಚಾಂದಿ ಎಂಬ ಹುಡುಗಿ ಎಲ್ಲರಿಗಿಂತ ಮೊದಲು ಸ್ಲೇಟು ತಂದಳು. ಅಕ್ಷರವೇನೋ ಮುತ್ತು ಪೋಣಿಸಿದ ಹಾಗಿತ್ತು.

'ನನ್ನ ತಾಯಿ ಮನೆಯಲ್ಲಿ ಇರುತ್ತಾಳೆ. ಅವಳು ಅಡುಗೆ ಮಾಡುತ್ತಾಳೆ. ಅವಳು ನನಗೆ ಹಾಲು ಕೊಡುತ್ತಾಳೆ.'

ಹೊನ್ನೂರಮ್ಮನಿಗೆ ರೇಗಿತು. ಕಾಫಿ ಹಣ್ಣು ಬಿಡಿಸುವುದಕ್ಕೆ ಮೇಸ್ತ್ರಿಯ ಲಾರಿ ಹತ್ತಿ ತಾಂಡದ ಅರ್ಧ ಹೆಂಗಸರು ಚಿಕ್ಕಮಗಳೂರಿನ ಕಡೆ ಹೋಗಿದ್ದರು. ಚಾಂದಿಯ ತಾಯಿಯೂ ಮಗಳನ್ನು ಅಜ್ಜಿಯ ಕೈಗೊಪ್ಪಿಸಿ ಹೋಗಿದ್ದಳು. ಬರುವುದು ಯುಗಾದಿಗೇ.

"ಸುಳ್ಳು ಬರೀತಿಯೇನೆ? ನಿಮ್ಮವ್ವ ಎಸ್ಟೇಟಿಗೆ ಹೋಗಿಲ್ವಾ?"

"ಹೋಗ್ಯಾಳ್ರೀ ಟೀಚರ್."

"ಮತ್ತೆ ಮನೇಲಿದ್ದಾಳೆ ಅಂತ ಬರ್ದೀಯಲ್ಲ?"

ಟೀಚರಿಗೆ ಇಷ್ಟೂ ತಿಳಿಯದಲ್ಲ ಎಂಬಂತೆ ಚಾಂದಿ ಕಣ್ಣರಳಿಸಿದಳು. "ಎಸ್ಟೇಟಿಗೆ ಹೋದಾಕಿ ನಮ್ಮ ಯಾಡಿ ರೀ. ತಾಯಿ ಬೇರೆ. ತಾಯಿ ಪುಸ್ತಕದಾಗೆ ಇರ್ತಾಳೆ."

ಹೊನ್ನೂರಮ್ಮ ಮೇಜಿನ ಮೇಲಿದ್ದ ಪಾಠಪುಸ್ತಕ ತೆರೆದಳು. ಪಾಠದ ಚಿತ್ರದಲ್ಲಿ ಸೀರೆಯುಟ್ಟು ಒಲೆಯ ಮುಂದೆ ಕೂತವಳು ತಾಯಿ. ಕನ್ನಡಿ ಕುಪ್ಪಸ ತೊಟ್ಟು ಲಾರಿ ಹತ್ತಿದವಳು ಯಾಡಿ. ಯಾಡಿಯನ್ನು ಬಾಗಿಲಲ್ಲಿ ಬಿಟ್ಟು ಬರಲು ಹೇಳಿದವರು ಯಾರು? ಹೊನ್ನೂರಮ್ಮ ಪುಸ್ತಕ ಮುಚ್ಚಿ, ಸ್ಲೇಟು ಒರೆಸಿ ಚಾಂದಿಯ ಕೈಗೆ ಕೊಟ್ಟಳು.

"ಹಂಗಾದ್ರೆ ಯಾಡಿ ಬಗ್ಗೆ ಬರಿ," ಎಂದಳು.

"ಕನ್ನಡದಾಗೆ ಬರಾಕಿಲ್ರೀ."

"ನಿಮ್ಮ ಮಾತಿನಾಗೇ ಬರಿ. ಅಕ್ಷರ ನಾನು ಕೊಟ್ಟೀನಿ, ಮಾತು ನಿಂದೇ ಇರ್ಲಿ."

ಚಾಂದಿ ಸುತ್ತ ನೋಡಿದಳು, ಏಟು ಯಾವ ಕಡೆಯಿಂದ ಬಂದೀತು ಎನ್ನುವ ಹಾಗೆ. ಆಮೇಲೆ ಮೂಲೆಗೆ ಹೋಗಿ ಕೂತು, ಬಳಪ ಕಚ್ಚಿ, ಉಗುಳಿನಲ್ಲಿ ಅಳಿಸಿ, ಮತ್ತೆ ಬರೆದಳು. ಸ್ಲೇಟಿನ ಎರಡೂ ಮಗ್ಗುಲು ತುಂಬಿತು. ಮುತ್ತಿನ ಅಕ್ಷರ ಎಲ್ಲಿ ಹೋಯಿತೋ, ಸೊಟ್ಟಸೊಟ್ಟ ಸಾಲುಗಳು ಒಂದರ ಮೇಲೊಂದು ಬಿದ್ದಿದ್ದವು. ಎದ್ದು ನಿಂತು ಓದಿದಾಗ ಮಕ್ಕಳೆಲ್ಲ ಮೊದಲು ಕಿಸಕ್ಕೆಂದವು. ಆಮೇಲೆ ಮುಂದಿನ ಸಾಲಿನ ಪುಟ್ಟದೊಂದು ಮೂಗೊರೆಸಿಕೊಂಡಿತು.

"ನಂಗೂ ತಿಳಿಯೋ ಹಂಗೆ ಹೇಳವ್ವ," ಎಂದಳು ಹೊನ್ನೂರಮ್ಮ.

ಚಾಂದಿ ತಡವರಿಸುತ್ತಾ ಕನ್ನಡದಲ್ಲಿ ಹೇಳಿದಳು: "ಯಾಡಿ ಕುಪ್ಸದಾಗೆ ಭಾಳ ಕನ್ನಡಿ ಅದಾವ್ರೀ. ಹೋಗಾಗ ನನ್ನ ತಬ್ಕಂಡ್ಲು. ಒಂದೊಂದು ಕನ್ನಡಿಯಾಗೂ ನಾನಿದ್ದೆ. ಅವೆಲ್ಲ ಲಾರಿ ಹತ್ತಿ ಹೋದ್ವು. ನಾನೊಬ್ಳೇ ಇಲ್ಲುಳ್ಕಂಡೆ."

ಹೊನ್ನೂರಮ್ಮ ಮುಖ ತಿರುಗಿಸಿ ಡಸ್ಟರು ಹುಡುಕಿದಳು. ಅದು ಕೈಯಲ್ಲೇ ಇತ್ತು.

ಅಷ್ಟರಲ್ಲಿ ಕ್ಲಾಸು ಸಂತೆಯಾಯಿತು. ನಮ್ಮ ಯಾಡಿ, ನಮ್ಮ ಯಾಡಿ ಎಂದು ಎಲ್ಲರೂ ಸ್ಲೇಟಿಗೆ ಬಗ್ಗಿದರು. ಚಾಂದಿ ಮಾತ್ರ ಕೆಲಸ ಮುಗಿಸಿದವಳ ಠೀವಿಯಲ್ಲಿ ಬಂದು ಮೇಜಿನ ಪಕ್ಕ ನಿಂತಳು.

"ಟೀಚರ್, ನಿಮಗೆ ಯಾಡಿ ಅದಾಳೇನ್ರೀ?"

"ಇದ್ದಳು."

"ನೀವೂ ಬರೀರಿ ಮತ್ತೆ."

ಹೊನ್ನೂರಮ್ಮ ಸೀಮೆಸುಣ್ಣ ಹಿಡಿದು ಹಲಗೆಯ ಕಡೆ ತಿರುಗಿದಳು. 'ನನ್ನ ತಾಯಿ' ಎಂದು ಬರೆದಳು. ಮುಂದೆ ಕೈ ಓಡಲಿಲ್ಲ. ಊರಿಗೆಲ್ಲ ಪ್ರಬಂಧ ಬರೆಸಿದವಳಿಗೆ ಅವ್ವನ ಮೇಲೊಂದು ಸಾಲು ಬರಲಿಲ್ಲ ನೋಡಿ! ಬರೆದದ್ದನ್ನು ಅಳಿಸಿದಳು. ಓದು ಕಲಿತಂದಿನಿಂದ ಒಮ್ಮೆಯೂ ಬರೆಯದ ಆ ಮೂರು ಮಾತುಗಳನ್ನು ಕನ್ನಡದ ಅಕ್ಷರದಲ್ಲಿ ದೊಡ್ಡದಾಗಿ ಬರೆದಳು. ಬರೆದು, ಇನ್ನೂ ಗೋಡೆಯ ಕಡೆಗೇ ಮುಖ ಮಾಡಿ ನಿಂತಿದ್ದಳು.

ಹಲಗೆಯ ಮೇಲೆ ಹೊಸ ಅಕ್ಷರ ಬಿದ್ದದ್ದೇ ತಡ, ಮಕ್ಕಳು ತಲೆಯೆತ್ತಿದವು. ಅರ್ಥ ಯಾರಿಗೆ ಬೇಕು, ಅಭ್ಯಾಸ ತಾನೆ? ಇಡೀ ಶಾಲೆ ಒಂದೇ ಉಸಿರಿಗೆ, ಎಮ್ಮೆ ಕಾಯುವವರಿಗೂ ಕೇಳುವಂತೆ ಕೂಗಿತು:

"ಇಂಟಿಕಿ ರಾವೇ ತಲ್ಲೀ!"

ಹೊನ್ನೂರಮ್ಮ ತಿರುಗಲಿಲ್ಲ. ಹಣೆಯನ್ನು ಹಲಗೆಗೆ ಆನಿಸಿದಳು. ಸುಣ್ಣದ ಪುಡಿ ಕುಂಕುಮಕ್ಕೆ ಮೆತ್ತಿಕೊಂಡಿತು. ಮಕ್ಕಳು ಕಾದವು. ಎಷ್ಟು ಹೊತ್ತಾದರೂ ಟೀಚರು ಹೇಳಬೇಕಾದದ್ದನ್ನು ಹೇಳಲಿಲ್ಲವೆಂದು ಚಾಂದಿ ಸೆರಗು ಜಗ್ಗಿದಳು.

ಆಗ ಹೊನ್ನೂರಮ್ಮ ಹೇಳಿದಳು:

"ಇನ್ನೊಮ್ಮೆ."